ಗಾಳದ ಹೊಳಪು

ಭರಮಪ್ಪ ಹೊಳೆದಂಡೆಯ ಕಲ್ಲುಮಂಟಪಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಬಿಳಿ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ, ಬಗಲಲ್ಲಿ ಹೊಸ ಸೀರೆಯ ಗಂಟು. ಮುಖ ಮಾತ್ರ ಸೋತುಹೋಗಿತ್ತು.

ಮಂಟಪದಲ್ಲಿದ್ದ ಅಜ್ಜ ಮೊದಲು ಅಂಬಿಗ. ದೋಣಿ ನಡೆಸುತ್ತಿದ್ದ, ಮೀನು ಹಿಡಿಯುತ್ತಿದ್ದ. ಅದೆಲ್ಲ ಬಿಟ್ಟು ಸುಮ್ಮನೆ ಕೂತ ಮೇಲೆ ಜನ ತಾವಾಗಿಯೇ ಅವನನ್ನು ಗುರು ಮಾಡಿಕೊಂಡರು. ಬೇಡ ಬೇಡ ಅಂದು ಅವನಿಗೂ ಸಾಕಾಗಿತ್ತು.

ಅಜ್ಜ ಮೆಟ್ಟಿಲ ಮೇಲೆ ಕೂತು ಒಣರೊಟ್ಟಿ ಮುರಿದು ನೀರಿಗೆ ಹಾಕುತ್ತಿದ್ದ. ಮೀನುಗಳು ಅವನ ಕಾಲ್ಬೆರಳಿನ ತನಕ ಬಂದು ತಿನ್ನುತ್ತಿದ್ದವು.

"ಈ ಸಲಾನೂ ಬರಲಿಲ್ಲೇನು?" ಅಜ್ಜ ತಲೆ ಎತ್ತದೆ ಕೇಳಿದ.

"ಇಲ್ರಿ ಅಜ್ಜಾರ. ನಾ ಓಣಿ ತಿರುಗೂದ ತಡ, ನೀಲವ್ವ ಒಳಗ ಹೋಗಿ ಅಗಳಿ ಹಾಕ್ಕೊಂತಾಳ."

ನೀಲವ್ವ ಅವನ ಹೆಂಡತಿ. ಸುಗ್ಗಿ ಮುಗಿದ ಮೇಲೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಕಣಜದ ಶೇಂಗಾ ಕದ್ದು ತವರಿಗೆ ಸಾಗಿಸಿದಳೆಂದು ಅತ್ತೆ ಓಣಿಯವರ ಮುಂದೆಲ್ಲ ಕೂಗಾಡಿದ್ದಳು. ಗಂಡನೆನಿಸಿಕೊಂಡವನು ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಟ್ಟಿರಲಿಲ್ಲ.

"ಸೀರಿ ಒಯ್ದೆ. ಪೇಢೆ ಒಯ್ದೆ. ಹಿರಿಯಾರನ್ನ ಕರಕೊಂಡು ಹೋದೆ. ತಿರುಗಿ ತಿರುಗಿ ಕಾಲು ಸವದು ಹೋದುವ್ರಿ. ಮನಿಗೆ ಬಂದ್ರ ಒಲಿ ತಣ್ಣಗ, ಹಾಸಿಗಿ ತಣ್ಣಗ. ಕಂಡ್ರ ಓಡಿ ಹೋಗೂ ಜೀವಾನ ಹಿಡಿಯೂದು ಹೆಂಗ? ಅಷ್ಟ ಹೇಳ್ರಿ."

ಎಷ್ಟು ಜನ ಇದನ್ನೇ ಕೇಳಿದ್ದರೋ. ಒಬ್ಬನಿಗೆ ಮಗ ಕೈಗೆ ಸಿಗಬೇಕು, ಇನ್ನೊಬ್ಬಳಿಗೆ ಸೊಸೆ. ಅಜ್ಜ ಉಸಿರು ಬಿಟ್ಟ.

"ಹಿಡಿಯೂದು ಕಲೀಬೇಕೇನು?"

"ಹೌದ್ರಿ."

"ಹಂಗಾದ್ರ ಮೀನು ಹಿಡಿ."

ಭರಮಪ್ಪ ಸಂತೆಯಿಂದ ಗಾಳ, ದಾರ ಕೊಂಡು ತಂದ. ಮೆಟ್ಟಿಲ ಬಳಿಯ ಮೀನುಗಳನ್ನು ನೋಡಿ ಅವನಿಗೆ ಆಸೆಯಾಯಿತು.

"ಇಲ್ಲೇ ಹಾಕ್ಲೇನ್ರಿ?"

"ಇಲ್ಲಿ ಬ್ಯಾಡ. ಮ್ಯಾಲಿನ ಮಡುವಿಗೆ ಹೋಗು."

ಮೇಲಿನ ಮಡುವಿನ ನೀರು ತಿಳಿ. ಊರಿನ ಗಾಳಗಳೆಲ್ಲ ಅಲ್ಲೇ ಬೀಳುತ್ತಿದ್ದವು. ಅಲ್ಲಿಯ ಮೀನುಗಳು ಎಂದೋ ಬುದ್ಧಿ ಕಲಿತಿದ್ದವು. ಸಂಜೆ ಭರಮಪ್ಪ ಬರಿಗೈಯಲ್ಲಿ ಬಂದ.

ಅಜ್ಜ ಗಾಳ ಇಸಿದುಕೊಂಡು ನೋಡಿದ. "ಇದೇನೋ, ಮೂಗುತಿ ಮಾಡಿಸಿ ತಂದಂಗೈತಿ. ಇಷ್ಟು ಹೊಳದ್ರ ಯಾವ ಮೀನು ಬಂದೀತು?"

ಸಗಣಿ ಕುಳ್ಳಿನ ಹೊಗೆಯಲ್ಲಿ ಹಿಡಿದು ಗಾಳವನ್ನು ಕಪ್ಪು ಮಾಡಿಸಿದ. ಬಿಳಿ ದಾರವನ್ನು ಜಾಲಿ ತೊಗಟೆ ಕುದಿಸಿದ ನೀರಿನಲ್ಲಿ ನೆನೆಹಾಕಿಸಿದ. ದಾರ ಮಡುವಿನ ತಳದ ಬಣ್ಣಕ್ಕೆ ಬಂತು.

ಮರುದಿನವೂ ಬರಿಗೈ.

"ಕೈ ಮೂಸಿ ನೋಡ್ಕೋ," ಅಂದ ಅಜ್ಜ.

ತಂಬಾಕಿನ ವಾಸನೆ. ಅದರ ಮೇಲೆ ಅತ್ತರು. ಗಾಳಕ್ಕೆ ಎರೆಹುಳ ಸಿಗಿಸುವ ಮೊದಲು ಹೊಳೆಯ ಕೆಸರಿನಿಂದ ಕೈ ತಿಕ್ಕಲು ಹೇಳಿದ.

"ಆ ಅಂಗಿನೂ ಬಿಚ್ಚು. ಮಡುವಿನ ದಂಡ್ಯಾಗ ಧೋತರ ಒಣಗ ಹಾಕಿದಂಗ ಕಾಣ್ತಿ. ಮತ್ತ ನಿನ್ನ ನೆರಳು ನೀರಿಗೆ ಬೀಳದಂಗ ಕೂಡು."

ಭರಮಪ್ಪ ಬಿಳಿ ಅಂಗಿಯನ್ನು ಮಂಟಪದ ಗೂಟಕ್ಕೆ ಸಿಗಿಸಿ ಹೋದ. ಬಂಡೆಯ ಮರೆಯಲ್ಲಿ ಕೆಸರು ಮೆತ್ತಿಕೊಂಡು, ಕೆಮ್ಮು ಬಂದರೂ ನುಂಗಿಕೊಂಡು ಕೂತ. ಹೀಗೆ ದಿನಗಳು ಹೋದವು. ಕಡೆಗೊಮ್ಮೆ ದೊಡ್ಡ ಗೆಂಡೆ ಮೀನೊಂದು ಗಾಳ ಕಚ್ಚಿತು.

ಅವನು ಮೀನು ಹಿಡಿದುಕೊಂಡು ಓಡಿ ಬಂದ. "ತಿಳೀತ್ರಿ ಅಜ್ಜಾರ! ನಮ್ಮ ಮನಸಿನಾಗಿದ್ದದ್ದು ಅದಕ್ಕ ಒಂದೀಟೂ ಗೊತ್ತಾಗಬಾರದು. ಹೌದಲ್ರಿ?"

ಅಜ್ಜ ಅದನ್ನು ಕೈಗೆ ತೆಗೆದುಕೊಂಡ. ಮೀನಿನ ತುಟಿಯಿಂದ ಗಾಳ ಬಿಡಿಸುತ್ತ ಬಹಳ ಹೊತ್ತು ಕೂತ.

ಭರಮಪ್ಪ ಅಂದೇ ಹೆಂಡತಿಯ ಊರಿಗೆ ಹೋದ. ಮತ್ತೆ ಮಂಟಪಕ್ಕೆ ಬಂದಾಗ ಮಾಸಿದ ಅಂಗಿಯಲ್ಲಿದ್ದ. ಬಂದವನೇ ಕುಸಿದು ಕೂತ.

"ಎಲ್ಲಾ ನೀವು ಹೇಳಿದಂಗ ಮಾಡಿದ್ನಿರಿ. ಅತ್ತರಿಲ್ಲ, ಸೀರಿ ಇಲ್ಲ. ಮನಿಗೆ ಬಾ ಅಂತ ಬಾಯಿ ತಪ್ಪಿ ಸೈತ ಅನ್ನಲಿಲ್ಲ. ಮಾವನ ಎತ್ತಿಗೆ ಮೇವು ಹಾಕ್ಕೋತ ಸುಮ್ಮನ ಇದ್ದೆ. ಕಡೀಕ ಹೊರಗ ಬಂದ್ಲು. ಕುಡಿಯಾಕ ನೀರು ಕೊಟ್ಲು. ತಾನ ಬಟ್ಟಿ ಗಂಟು ಕಟ್ಟಿಕೊಂಡು ನನ್ನ ಜೋಡಿ ಹೊಂಟ್ಲು."

"ಮತ್ತೆಲ್ಲಿ ಅಕಿ?"

"ನಮ್ಮೂರ ಅಗಸಿ ಬಾಗಿಲ ತನಕ ಬಂದಿದ್ಲು. ಅಲ್ಲಿ ಒಂದು ಮಾತು ಹೇಳಿದೆ. ಅವ್ವನ ಕಾಲು ಹಿಡಿದು ನಂದ ತಪ್ಪಾತು ಅನ್ನು, ಅಲ್ಲಿಗೆ ಮುಗೀತು ಅಂದೆ. ನನ್ನ ಮಾರಿ ನೋಡಿದ್ಲು. ಹಂಗ ತಿರುಗಿ ಹೋಗಿಬಿಟ್ಲು."

"ಶೇಂಗಾ ಕದ್ದಿದ್ಲೇನು?"

ಭರಮಪ್ಪ ನೆಲ ನೋಡಿದ.

"ಇಲ್ರಿ. ಕಣಜದ ಹಿಂದ ಇಲಿ ಬಿಲ ಐತಿ. ಸಿಪ್ಪಿ ರಾಶಿ ನಾನ ಕಣ್ಣಾರೆ ನೋಡೀನಿ."

"ಅವ್ವಗ ಹೇಳಿದೇನು?"

"ಹೆಂಗ ಹೇಳ್ಲಿ? ವಯಸ್ಸಾದಾಕಿ. ಓಣಿಯವರ ಮುಂದ ಅಕಿ ಮಾನ ಉಳೀಬೇಕಲ್ರಿ. ನೀಲವ್ವ ಒಂದು ಮಾತು ಅಂದ್ರ ಏನು ಹೋಗತೈತಿ?" ತನ್ನ ಮಾತು ತನಗೇ ಬೇಸರ ಬರುವಷ್ಟು ಸಲ ಅವನು ಇದನ್ನು ಹೇಳಿಕೊಂಡಿದ್ದ. "ನೀವು ಹೇಳಿದ್ದೆಲ್ಲಾ ಮಾಡಿದ್ನಲ್ರಿ ಅಜ್ಜಾರ."

"ನೀ ಹಿಡಿಯೂದು ಕೇಳಿದಿ. ನಾ ಹಿಡಿಯೂದು ಹೇಳಿದೆ."

ಅಜ್ಜ ಮೊಣಕಾಲಿಗೆ ಕೈಯೂರಿ ಎದ್ದ. ಗೂಟದಲ್ಲಿದ್ದ ಬಿಳಿ ಅಂಗಿ ತೆಗೆದು ಅವನ ಮೇಲೆ ಎಸೆದ.

"ಹಾಕ್ಕೋ. ತಂಬಾಕು ತಿಕ್ಕು."

ಭರಮಪ್ಪ ಕಕ್ಕಾಬಿಕ್ಕಿಯಾಗಿ ಅಂಗಿ ತೊಟ್ಟ. ಅಂಗೈಯಲ್ಲಿ ತಂಬಾಕು ತಿಕ್ಕಿದ. ಅಜ್ಜ ಅದೇ ಕೈಗೆ ಒಂದು ತುಂಡು ರೊಟ್ಟಿ ಕೊಟ್ಟ.

"ಮೆಟ್ಟಲ ಮ್ಯಾಲ ಕೂಡು. ಮುರಿದು ಹಾಕು."

ಭರಮಪ್ಪನ ನೆರಳು ಉದ್ದಕ್ಕೂ ನೀರಿನ ಮೇಲೆ ಬಿತ್ತು. ಕೈಯಿಂದ ತಂಬಾಕು ನಾರುತ್ತಿತ್ತು. ಅಂಗಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆದರೂ ಮೀನುಗಳು ಬಂದವು. ಅವನ ಬೆರಳಿಗೆ ಮೈ ತಾಗಿಸಿಕೊಂಡು ತಿಂದವು. ಯಾವ ಜೀವವೂ ಅವನ ಹತ್ತಿರ ಹೀಗೆ ಬಂದು ಬಹಳ ದಿನವಾಗಿತ್ತು. ಅವನಿಗೆ ಅಳು ಬಂತು.

"ಇವಕ್ಕ ಹೆದರಿಕಿ ಇಲ್ಲೇನ್ರಿ?"

"ಮಡುವಿನಾಗ ನಿನ್ನ ಕಂಡು ಓಡತಿದ್ದುವಲ್ಲ, ಅವ ಮೀನು ಇವು. ಅಲ್ಲಿಂದ ಇಲ್ಲಿಗೆ ಈಸಿ ಬರ್ತಾವು. ಇಲ್ಲಿ ಗಾಳ ಬೀಳೂದಿಲ್ಲಂತ ಅವಕ್ಕ ಗೊತ್ತು."

ರೊಟ್ಟಿ ಮುಗಿಯಿತು. ಮೀನುಗಳು ಒಂದೊಂದಾಗಿ ಆಳಕ್ಕೆ ಸರಿದುಹೋದವು. ಭರಮಪ್ಪ ಒದ್ದೆ ಕೈ ಹಾಗೇ ಹಿಡಿದುಕೊಂಡು ನೋಡುತ್ತ ಕೂತ.

"ತಿಂದು ಹೋಗೇ ಬಿಟ್ಟುವಲ್ರಿ. ಹಿಂಗಾದ್ರ ಒಂದೂ ಕೈಗೆ ಸಿಗೂದಿಲ್ಲಲ್ಲ, ಅಜ್ಜಾರ?"

ಅಜ್ಜ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ.

"ನಿನಗ ಬೇಕಾಗಿದ್ದು ಮೀನೇನು, ನೀಲವ್ವೇನು?"