ಹತ್ತು ತುಂಬದ ಗುಳಿ

ಬೇಸಿಗೆ ಬಂತೆಂದರೆ ತೇಗದ ಎಲೆಯೆಲ್ಲ ಉದುರಿ ನೆಲವೇ ಕಾಣದಂತಾಗುವ ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಎರಡು ಬಂಡೆಗಳ ನಡುವೆ ಅವಳ ಬಿಲ. ಅವಳಿಗೆ ನಾಲ್ಕು ಮಕ್ಕಳು. ಕರಗಿ ದೊಡ್ಡವಳು, ಆಮೇಲೆ ಬೊಮ್ಮ, ಆಮೇಲೆ ದುಂಡ, ಎಲ್ಲರಿಗಿಂತ ಚಿಕ್ಕವಳು ಚಿಣ್ಣಿ. ಚಿಣ್ಣಿಯ ಮುಳ್ಳು ಇನ್ನೂ ಹುಲ್ಲಿನಂತೆ ಮೆತ್ತಗಿತ್ತು.

ಆ ಕಾಡಿನಲ್ಲಿ ಮುಸುವ ಮೇಷ್ಟ್ರು ಒಂದು ಶಾಲೆ ನಡೆಸುತ್ತಿದ್ದರು. ಆದರೆ ಶಾಲೆ ಇದ್ದದ್ದು ಮರದ ತುದಿಯಲ್ಲಿ.

"ಹತ್ತೋಕೆ ಬರದೋರಿಗೆ ನಾನು ಹೇಗಮ್ಮ ಪಾಠ ಹೇಳಲಿ?" ಎಂದರು ಮೇಷ್ಟ್ರು.

"ಬೇಡ ಬಿಡಿ, ನಾನೇ ಹೇಳಿಕೊಡ್ತೀನಿ" ಎಂದಳು ಸೂಜವ್ವ.

ಅಂದಿನಿಂದ ಬಿಲವೇ ಶಾಲೆಯಾಯಿತು. ಹುಣಸೆಬೀಜ ಎಣಿಸಿ ಕೂಡುವುದು, ಉದುರಿದ ಮುಳ್ಳುಗಳನ್ನು ಸಾಲಾಗಿ ಜೋಡಿಸಿ ಕಳೆಯುವುದು, ನೆಲದಲ್ಲಿ ಪುಟ್ಟ ಗುಳಿ ತೋಡಿ ಬೀಜ ಹಾಕುವುದು. ಮಕ್ಕಳು ಆಟವೆಂದುಕೊಂಡೇ ಲೆಕ್ಕ ಕಲಿಯುತ್ತಿದ್ದರು. ಸೂಜವ್ವನ ಕಣ್ಣು ಅಷ್ಟು ಚುರುಕಲ್ಲ. ಹಾಗಾಗಿ ಪ್ರತಿ ಮಗುವಿನ ಕೈ ಹಿಡಿದು, ಬೀಜ ಮುಟ್ಟಿ ಮುಟ್ಟಿ ಹೇಳಿಕೊಡುತ್ತಿದ್ದಳು.

ಎಲೆಹಬ್ಬ ಬಂತು. ಅದು ಆ ಕಾಡಿನ ದೊಡ್ಡ ಹಬ್ಬ. ಮೂರು ದಿನ ಮಕ್ಕಳೆಲ್ಲ ಒಣಗಿದ ಎಲೆಯ ಮುಖವಾಡ ಹಾಕಿಕೊಳ್ಳುತ್ತಿದ್ದರು. ಮೂರನೆಯ ದಿನ ಸಂಜೆ ಎಲ್ಲ ಪ್ರಾಣಿಗಳೂ ಹುಲ್ಲುಗಾವಲು ದಾಟಿ ದೊಡ್ಡ ಬಂಡೆಯ ಮೇಲೆ ಸೇರುತ್ತಿದ್ದವು. ಅಲ್ಲಿಯವರೆಗೆ ಮುಖವಾಡ ತೆಗೆಯಬಾರದು, ಹೆಸರು ಹಿಡಿದು ಕರೆಯಬಾರದು, ನೀನು ಯಾರು ಎಂದು ಕೇಳಲೂಬಾರದು. ಹಾಗೆ ಮಾಡಿದರೆ ಮನೆಗೆ ಕೇಡು ಎಂದು ಹಿರಿಯರು ನಂಬಿದ್ದರು.

ಸೂಜವ್ವ ಹಬ್ಬವನ್ನೂ ಪಾಠ ಮಾಡಿದಳು. "ಒಂದು ಮುಖಕ್ಕೆ ಎರಡು ಎಲೆ. ನಾಲ್ಕು ಮುಖಕ್ಕೆ?"

"ಎಂಟು!" ಎಂದರು ಮಕ್ಕಳು. ಎಂಟು ದೊಡ್ಡ ಎಲೆ ಆರಿಸಿ ತಂದರು. ಕಣ್ಣಿಗೆ ತೂತು ಕೊರೆದರು. ಸಣ್ಣ ಎಲೆಗಳನ್ನು ಮುಳ್ಳಿನಿಂದ ಚುಚ್ಚಿ ಪೋಣಿಸಿ ತಲೆಯಿಂದ ಕಾಲಿನವರೆಗೆ ಮುಚ್ಚುವ ನಿಲುವಂಗಿ ಹೊಲಿದರು. ಅಂಗಳದಲ್ಲಿ ಕೂತು ಇಡೀ ದಿನ ಈ ಕೆಲಸ ನಡೆಯಿತು.

ಪೊದೆಯ ಒಳಗಿನಿಂದ ಒಂದು ಕಾಡುಬೆಕ್ಕು ಅದನ್ನೆಲ್ಲ ನೋಡುತ್ತಿತ್ತು. ಅವರು ಎಲೆ ಚುಚ್ಚಿದ ಹಾಗೆ ತಾನೂ ಚುಚ್ಚಿತು. ಅವರು ತೂತು ಕೊರೆದ ಹಾಗೆ ತಾನೂ ಕೊರೆಯಿತು. ಅವರ ಮಾತಿನ ಧಾಟಿಯನ್ನು ಬಾಯೊಳಗೇ ಹೇಳಿಕೊಂಡು ಕಲಿಯಿತು. ಅದರ ಕಣ್ಣು ಚಿಣ್ಣಿಯ ಮೆತ್ತನೆಯ ಬೆನ್ನಿನ ಮೇಲಿತ್ತು.

ಹಬ್ಬದ ಮೊದಲ ದಿನ ಸೂಜವ್ವ ಐದು ಗೆಡ್ಡೆ ಅಗೆದು ತಂದು, ತನ್ನ ಪಾಲಿನದು ತೆಗೆದಿಟ್ಟು, ನಾಲ್ಕನ್ನು ಬಿಲದ ನಡುವೆ ಇಟ್ಟಳು. ಮಕ್ಕಳು ಮುಖವಾಡದ ಕೆಳಗಿನಿಂದ ಬಾಯಿ ಹಾಕಿ ತಿಂದರು.

"ಅವ್ವಾ, ನಂಗೆ ಸಿಗ್ಲಿಲ್ಲ" ಎಂದಿತು ಒಂದು ಮರಿ.

"ಎಣಿಸಿ ನಾಲ್ಕು ಇಟ್ಟಿದ್ದೀನಿ. ಯಾರೋ ಎರಡು ತಿಂದಿದ್ದೀರಿ."

"ನಾನು ಒಂದೇ ತಿಂದೆ" ಎಂದಿತು ಒಂದು ಎಲೆಮುಖ. "ನಾನೂ ಒಂದೇ" ಎಂದಿತು ಇನ್ನೊಂದು. "ನಾನೂ ಒಂದೇ." "ನಾನೂ ಒಂದೇ."

ಯಾರೂ ಸುಳ್ಳು ಹೇಳಿದಂತೆ ಕಾಣಲಿಲ್ಲ. ಸೂಜವ್ವ ತನ್ನ ಪಾಲಿನ ಗೆಡ್ಡೆ ಕೊಟ್ಟು ಸುಮ್ಮನಾದಳು.

ಎರಡನೆಯ ದಿನ ಪಾಠ ಮುಗಿದ ಮೇಲೆ ಚಿಣ್ಣಿ ಅವ್ವನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

"ಅವ್ವಾ, ನಾನು ಎಣಿಸಿದೆ. ನಾಲ್ಕು ಬಂತು."

"ಸರಿಯಾಗೇ ಇದೆ ಮಗಳೇ. ನೀವು ನಾಲ್ಕೇ ಜನ."

"ನನ್ನ ಬಿಟ್ಟು ಎಣಿಸಿದೆ ಅವ್ವಾ."

ಸೂಜವ್ವ ನಕ್ಕಳು. "ನಿನ್ನನ್ನೂ ಸೇರಿಸಿಕೊಂಡು, ಸೇರಿಸಿಲ್ಲ ಅಂದ್ಕೊಂಡಿದ್ದೀಯ. ಚಿಕ್ಕೋರಿಗೆ ಹೀಗಾಗುತ್ತೆ. ನಾಳೆ ಮತ್ತೆ ಹೇಳಿಕೊಡ್ತೀನಿ."

"ಸಾಲಲ್ಲಿ ನಾನೇ ಕೊನೆ ಅಲ್ವಾ? ಈಗ ನನ್ನ ಹಿಂದೆ ಒಬ್ರು ನಿಲ್ತಾರೆ. ಅವರು ನಡೆದ್ರೆ ಸದ್ದೇ ಬರಲ್ಲ."

"ಹೋಗು, ಮಲಗು" ಎಂದಳು ಸೂಜವ್ವ. ಬಿಲದೊಳಗೆ ಎಲೆಮುಖಗಳು ಒಂದರ ಪಕ್ಕ ಒಂದು ಮಲಗಿದ್ದವು. ಅವುಗಳಲ್ಲಿ ಒಂದು ತಲೆ ಎತ್ತಿ, ಇಬ್ಬರ ಕಡೆಗೂ ತಿರುಗಿ ನೋಡಿ, ಮತ್ತೆ ತಲೆ ಇಟ್ಟಿತು.

ಮೂರನೆಯ ದಿನ ಮಧ್ಯಾಹ್ನ ದಾಟಿತು. ಬಂಡೆಗೆ ಹೊರಡುವ ಹೊತ್ತು ಹತ್ತಿರ ಬಂತು. ಹುಲ್ಲುಗಾವಲಿನ ಹುಲ್ಲು ಆಳೆತ್ತರ ಬೆಳೆದಿತ್ತು. ಅದರೊಳಗೆ ಸಾಲಾಗಿ ನಡೆದರೆ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ.

"ಜೋಡಿ ಜೋಡಿಯಾಗಿ ನಿಲ್ಲಿ, ನೋಡೋಣ" ಎಂದಳು ಸೂಜವ್ವ.

ಎಲೆಗಳು ಸರಸರ ಎಂದವು. ಒಂದು ಜೋಡಿಯಾಯಿತು. ಇನ್ನೊಂದು ಜೋಡಿಯಾಯಿತು. ಬಿಲದ ಮೂಲೆಯಲ್ಲಿ ಒಂದು ಮರಿ ಒಂಟಿಯಾಗಿ ನಿಂತು ಅಳತೊಡಗಿತು.

"ನಂಗೆ ಜೋಡಿ ಇಲ್ಲ ಅವ್ವಾ."

ನಾಲ್ವರನ್ನು ಜೋಡಿ ಮಾಡಿದರೆ ಯಾರೂ ಉಳಿಯುವುದಿಲ್ಲ. ಇದನ್ನು ಸೂಜವ್ವನೇ ಬೀಜ ಇಟ್ಟು ಮಕ್ಕಳಿಗೆ ಕಲಿಸಿದ್ದಳು. ಚಿಣ್ಣಿಯ ಲೆಕ್ಕ ಸರಿಯಾಗಿತ್ತು. ಎರಡು ದಿನದಿಂದ ಬಿಲದೊಳಗೆ ಇನ್ನೊಂದು ಜೀವ ಇತ್ತು. ಅದು ಅವಳ ಮಕ್ಕಳ ಜೊತೆ ಉಂಡಿತ್ತು, ಮಲಗಿತ್ತು, ಅವಳನ್ನು ಅವ್ವ ಎಂದಿತ್ತು.

ಕಿರುಚಿಬಿಡಬೇಕು ಎನ್ನಿಸಿತು. ಆದರೆ ಕಿರುಚಿದರೆ ಅದು ಪಕ್ಕದ ಮಗುವಿನ ಕುತ್ತಿಗೆಗೆ ಬಾಯಿ ಹಾಕುತ್ತದೆ. ಕತ್ತಲ ಬಿಲದಲ್ಲಿ ಐದು ಮುಖಗಳೂ ಒಂದೇ ಥರ ಇದ್ದವು. ಯಾರ ಮೇಲೆ ಮುಳ್ಳು ಎತ್ತುವುದು? ತಪ್ಪಿದರೆ ತನ್ನ ಮಗುವೇ ಸಾಯುತ್ತದೆ.

ಅವಳು ಎಂದಿನ ದನಿಯಲ್ಲೇ ಹೇಳಿದಳು, "ಹೊರಡೋಕೆ ಮುಂಚೆ ಒಂದು ಆಟ. ಹತ್ತು ತುಂಬಿಸೋ ಆಟ. ಗೆದ್ದೋರಿಗೆ ಗೆಣಸು."

ನೆಲದಲ್ಲಿ ಸಾಲಾಗಿ ಐದು ಗುಳಿ ತೋಡಿದಳು. ಮೊದಲನೆಯದರಲ್ಲಿ ಏಳು ಹುಣಸೆಬೀಜ ಹಾಕಿದಳು. ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಆರು, ನಾಲ್ಕನೆಯದರಲ್ಲಿ ಎಂಟು, ಕೊನೆಯದರಲ್ಲಿ ನಾಲ್ಕು.

"ಒಬ್ಬೊಬ್ಬರು ಒಂದೊಂದು ಗುಳಿ ಮುಂದೆ ಕೂತ್ಕೊಳ್ಳಿ. ಹತ್ತಾಗೋಕೆ ಎಷ್ಟು ಬೇಕೋ ಅಷ್ಟು ಬೀಜ ಹಾಕಿ."

ಐವರೂ ಕೂತರು. ಟಕ್, ಟಕ್ ಎಂದು ಬೀಜ ಬೀಳತೊಡಗಿದವು. ಸದ್ದೆಲ್ಲ ನಿಂತ ಮೇಲೆ ಸೂಜವ್ವ ಒಂದೊಂದೇ ಗುಳಿಗೆ ಕೈ ಇಟ್ಟು ಎಣಿಸಿದಳು.

ಮೊದಲ ಗುಳಿಯಲ್ಲಿ ಹತ್ತು. ಎರಡನೆಯದರಲ್ಲೂ ಹತ್ತು. ಮೂರನೆಯದರಲ್ಲಿ ಹನ್ನೊಂದು. ನಾಲ್ಕನೆಯದರಲ್ಲಿ ಹತ್ತು. ಕೊನೆಯದರಲ್ಲಿ ಆರು.

ತಪ್ಪು ಎರಡಿದ್ದವು. ಮೂರನೆಯದೋ, ಐದನೆಯದೋ?

ಮೂರನೆಯ ಮರಿಯ ಮುಂದೆ ಕೂತು ಮೆಲ್ಲಗೆ ಕೇಳಿದಳು, "ಹೇಗೆ ಎಣಿಸಿದೆ, ಸ್ವಲ್ಪ ತೋರಿಸು."

ಆ ಮರಿ ಬೆರಳು ಮಡಚುತ್ತ ಹೇಳಿತು, "ಆರು ಇತ್ತಲ್ವಾ? ಆರು, ಏಳು, ಎಂಟು, ಒಂಬತ್ತು, ಹತ್ತು. ಐದು ಬೆರಳಾಯ್ತು. ಐದು ಹಾಕ್ದೆ."

ಸೂಜವ್ವನ ಕಣ್ಣಲ್ಲಿ ನೀರು ಬಂತು. ಇದ್ದ ಆರನ್ನೇ ಮತ್ತೊಮ್ಮೆ ಎಣಿಸುವುದು ದುಂಡನ ತಪ್ಪು. ಮೂರು ತಿಂಗಳಿಂದ ತಿದ್ದುತ್ತಿದ್ದಳು, ಗದರಿದ್ದಳು. ಈ ಲೋಕದಲ್ಲಿ ಹೀಗೆ ತಪ್ಪುವವನು ಅವನೊಬ್ಬನೇ. ಇವನು ಅವಳ ಮಗನೇ.

"ಪರವಾಗಿಲ್ಲ, ನೀನೂ ಗೆದ್ದ ಹಾಗೇ. ನೀವು ನಾಲ್ಕೂ ಜನ ನನ್ನ ಹಿಂದೆ ಬನ್ನಿ. ಗೆಣಸು ಅಲ್ಲಿದೆ."

ನಾಲ್ಕು ಎಲೆಮುಖಗಳು ಎದ್ದು ಅವಳ ಹಿಂದಕ್ಕೆ ಹೋದವು. ಐದನೆಯದು ಗುಳಿಯ ಮುಂದೆ ಕೂತೇ ಇತ್ತು.

"ನೀನು ಹೇಗೆ ಎಣಿಸಿದೆ?" ಎಂದಳು ಸೂಜವ್ವ.

"ನಾನೂ ಹಾಗೇ ಅವ್ವಾ" ಎಂದಿತು ಅದು. ದನಿ ಥೇಟು ಚಿಣ್ಣಿಯದೇ.

"ಹಾಗೇ ಅಂದ್ರೆ?"

"ಪಕ್ಕದಲ್ಲಿ ಎರಡು ಬೀಜ ಬಿತ್ತು. ನಾನೂ ಎರಡು ಹಾಕಿದೆ."

"ಪಕ್ಕದ ಗುಳಿಯಲ್ಲಿ ಎಂಟಿತ್ತು. ನಿನ್ನ ಗುಳಿಯಲ್ಲಿ ನಾಲ್ಕಿತ್ತು."

ಎಲೆಯ ತೂತುಗಳ ಹಿಂದೆ ಎರಡು ಹಸಿರು ಬೆಳಕು ನಿಧಾನವಾಗಿ ಅಗಲವಾದವು.

"ಇವತ್ತು ಸಂಜೆ ಹುಲ್ಲಿನಲ್ಲಿ ಕೆಲಸ ಮುಗಿಸ್ತಿದ್ದೆ" ಎಂದಿತು ಅದು. ಈಗ ಅದು ಚಿಣ್ಣಿಯ ದನಿಯಾಗಿರಲಿಲ್ಲ, ಯಾವ ಮಗುವಿನ ದನಿಯೂ ಆಗಿರಲಿಲ್ಲ. "ನೀನು ಮುಂದೆ ಇರ್ತಿದ್ದೆ. ನಾನು ಹಿಂದೆ ಇರ್ತಿದ್ದೆ. ನಿನಗೆ ಬಂಡೆ ಮುಟ್ಟೋವರೆಗೂ ಗೊತ್ತಾಗ್ತಿರಲಿಲ್ಲ."

ಹಾಗೆಂದು ನೆಗೆಯಿತು. ಸೂಜವ್ವ ಅಷ್ಟರಲ್ಲಿ ಬೆನ್ನು ತಿರುಗಿಸಿ ಮುಳ್ಳನ್ನೆಲ್ಲ ನಿಮಿರಿಸಿದ್ದಳು. ಒಣ ಬಿದಿರು ಅಲ್ಲಾಡಿದಂತೆ ಸದ್ದಾಯಿತು. ಅವಳು ಜೋರಾಗಿ ಹಿಂದಕ್ಕೆ ನುಗ್ಗಿದಳು. ಎಲೆಯ ಮುಖವಾಡ ಚೂರುಚೂರಾಯಿತು. ಕಾಡುಬೆಕ್ಕು ವಿಕಾರವಾಗಿ ಕೂಗುತ್ತ ಬಿಲದಿಂದ ಹೊರಗೆ ಬಿತ್ತು. ಅದರ ಮೂತಿಯಲ್ಲಿ, ನಾಲಿಗೆಯಲ್ಲಿ, ಮುಂಗಾಲಿನಲ್ಲಿ ಮುಳ್ಳು ನಾಟಿದ್ದವು. ಬಾಯಿ ಮುಚ್ಚಲಾಗದೆ, ಕಾಲು ಊರಲಾಗದೆ ಅದು ಹೊಳೆಯ ಆಚೆಗೆ ತೆವಳಿಕೊಂಡು ಹೋಯಿತು. ಆಮೇಲೆ ಅದು ಬೇಟೆಯಾಡಿದ್ದನ್ನು ಯಾರೂ ನೋಡಲಿಲ್ಲ. ಕೆಲವು ದಿನ ಆಚೆ ದಡದಿಂದ ನರಳುವ ಸದ್ದು ಕೇಳುತ್ತಿತ್ತು. ಬಳಿಕ ಅದೂ ನಿಂತಿತು.

"ಮುಖವಾಡ ತೆಗೀರಿ" ಎಂದಳು ಸೂಜವ್ವ.

"ಕೇಡಾಗುತ್ತೆ ಅವ್ವಾ" ಎಂದಳು ಕರಗಿ.

"ಹಾಕ್ಕೊಂಡಿದ್ದಕ್ಕೇ ಕೇಡು ಒಳಗೆ ಬಂದಿತ್ತು. ತೆಗೀರಿ."

ಮಕ್ಕಳು ಮುಖವಾಡ ಕಳಚಿದರು. ಸೂಜವ್ವ ಒಂದೊಂದು ಮುಖವನ್ನೂ ಮುಟ್ಟಿ ನೋಡಿದಳು. ಕರಗಿ, ಬೊಮ್ಮ, ದುಂಡ, ಚಿಣ್ಣಿ. ಮತ್ತೊಮ್ಮೆ ಮುಟ್ಟಿದಳು.

"ನಿನ್ನ ಲೆಕ್ಕ ಸರಿ ಇತ್ತು ಕಂದಾ" ಎಂದಳು ಚಿಣ್ಣಿಗೆ. "ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದು."

ಚಿಣ್ಣಿ ಹೇಳಿದಳು, "ಮಲಗೋವಾಗ ಅದು ನನ್ನ ಬೆನ್ನಿಗೆ ಅಂಟಿಕೊಂಡು ಮಲಗ್ತಿತ್ತು ಅವ್ವಾ. ಬೆಚ್ಚಗಿತ್ತು. ನಾನು ದುಂಡಣ್ಣ ಅಂದ್ಕೊಂಡು ಇನ್ನೂ ಹತ್ತಿರ ಸರಿದೆ."

ಸೂಜವ್ವ ಮಗಳನ್ನು ಎಳೆದು ತನ್ನ ಹೊಟ್ಟೆಯ ಕೆಳಗೆ, ಮುಳ್ಳಿಲ್ಲದ ಕಡೆ, ಬಿಗಿಯಾಗಿ ಅವುಚಿಕೊಂಡಳು. ಆ ವರ್ಷ ಅವರು ಹಬ್ಬಕ್ಕೆ ಹೋಗಲಿಲ್ಲ.

ನೀತಿ: ನಕಲು ಮಾಡಿ ಇನ್ನೊಬ್ಬರಂತೆ ಕಾಣಬಹುದು, ಆದರೆ ತಿಳಿವಳಿಕೆಯನ್ನು ನಕಲು ಮಾಡಲಾಗದು. ಮಕ್ಕಳು ಎಣಿಸಿ ಹೇಳಿದ ಮಾತನ್ನು ದೊಡ್ಡವರು ಪರೀಕ್ಷಿಸದೆ ತಳ್ಳಿಹಾಕಬಾರದು.