ಇಲ್ಲದ ಗೋಡೆಯ ಬಾಗಿಲು

"ಮೇಡಂ, ಜಗತ್ತು ಹಾಳಾಗಿದೆ ಅಂತ ಎರಡೇ ನಿಮಿಷದಲ್ಲಿ ಹೇಗೆ ತೋರಿಸೋದು?" ಎಂದು ಶಾಂಭವಿ ಕೇಳಿದಳು.

ಅವಳು ಸಿನಿಮಾ ಕಲಿಯುವ ವಿದ್ಯಾರ್ಥಿನಿ. ಒಂದು ಚಿತ್ರದ ಮೊದಲ ಎರಡು ನಿಮಿಷವನ್ನು ಮಾತ್ರ ತೆಗೆದು ತೋರಿಸುವುದು ಆ ವರ್ಷದ ಪರೀಕ್ಷೆ. ಅವಳು ಆರಿಸಿಕೊಂಡದ್ದು ನಾಶವಾದ ಜಗತ್ತಿನ ಕತೆ. ಅದಕ್ಕಾಗಿ ಎರಡು ತಿಂಗಳು ಓದಿದ್ದಳು, ಓಡಾಡಿದ್ದಳು. ಇಪ್ಪತ್ತಾರು ಚಿತ್ರಗಳ ಆರಂಭವನ್ನು ನೋಡಿ, ಯಾವುದರಲ್ಲಿ ಯಾವ ಬಣ್ಣ, ಎಷ್ಟನೆಯ ಸೆಕೆಂಡಿಗೆ ಹೆಸರು ಬರುತ್ತದೆ, ಸದ್ದು ಎಲ್ಲಿ ನಿಲ್ಲುತ್ತದೆ ಎಂದೆಲ್ಲ ಬರೆದಿಟ್ಟಿದ್ದಳು. ಮೂವತ್ತು ಜನರಿಗೆ ಪ್ರಶ್ನೆಪತ್ರಿಕೆ ಹಂಚಿ, ಹಾಳಾದ ಜಗತ್ತು ಎಂದರೆ ನಿಮಗೇನು ಕಾಣುತ್ತದೆ ಎಂದು ಕೇಳಿದ್ದಳು. ಇಪ್ಪತ್ತೆರಡು ಜನ ಹೊಗೆ ಎಂದಿದ್ದರು. ಮುಚ್ಚಿದ ಒಂದು ಗಿರಣಿ, ನೀರಿಲ್ಲದ ಒಂದು ಈಜುಕೊಳ, ಎರಡು ಕಲ್ಲುಗಣಿ ನೋಡಿಬಂದಿದ್ದಳು. ನಲವತ್ತೊಂದು ಶಾಟುಗಳ ಪಟ್ಟಿ ಸಿದ್ಧವಾಗಿತ್ತು. ಕ್ಯಾಮೆರಾ ಅವಳ ಕೈಗೆ ಸಿಗುವುದು ಭಾನುವಾರ ಒಂದೇ ದಿನ. ಅಂದು ಶುಕ್ರವಾರ.

ಅವಳ ಗುರು ಇಂದುಮತಿ ಅರ್ಧ ಆಯುಷ್ಯವನ್ನು ರೈಲುಗಳಲ್ಲಿ ಕಳೆದವರು, ಉಳಿದರ್ಧವನ್ನು ವಿದ್ಯಾರ್ಥಿಗಳ ಜೊತೆ. ಎರಡರಲ್ಲಿ ರೈಲೇ ವಾಸಿ, ತಡವಾದರೆ ಹೇಳಿಯಾದರೂ ಹೇಳುತ್ತದೆ ಎನ್ನುತ್ತಿದ್ದರು. ಅವರು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಕೆಲಸ ಚೆನ್ನಾಗಿ ಮಾಡಿದ್ದೀಯ. ಹೊಗೆ ಸ್ವಲ್ಪ ಜಾಸ್ತಿಯಾಯಿತು."

"ಜನ ಹೇಳಿದ್ದೇ ಅದನ್ನ, ಮೇಡಂ."

"ಜನಕ್ಕೇನು, ಕೇಳಿದರೆ ಏನೋ ಒಂದು ಹೇಳ್ತಾರೆ. ಪಾಪ, ನಿನ್ನ ಮನಸ್ಸು ನೋಯಿಸೋದು ಬೇಡ ಅಂತ. ಕೂತ್ಕೋ."

ಶಾಂಭವಿ ಕೂತಳು. ಇಂದುಮತಿ ಈ ಕತೆ ಹೇಳಿದರು.

ಒಂದು ನಾಟಕ ಕಂಪನಿ ಇತ್ತು. ಊರೂರಿಗೆ ಹೋಗಿ ಡೇರೆ ಹಾಕುವ ಕಂಪನಿ. ಅದರಲ್ಲಿ ಪರದೆ ಬರೆಯುವ ಕಲಾವಿದನೊಬ್ಬನಿದ್ದ. ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ, ಎಲ್ಲವನ್ನೂ ಮೂವತ್ತು ವರ್ಷಗಳಿಂದ ಅವನೇ ಬರೆಯುತ್ತಿದ್ದ. ಅವನು ಬರೆದ ಮರದ ಕೊಂಬೆಯ ಮೇಲೆ ಒಂದು ಸಲ ನಿಜವಾದ ಗುಬ್ಬಿ ಕೂರಲು ಬಂದಿತ್ತಂತೆ. ಇದನ್ನು ಕಂಡವನು ಅವನೊಬ್ಬನೇ. ಕಂಪನಿಯ ಡೇರೆಯ ಹೊರತು ಅವನಿಗೆ ಬೇರೆ ಮನೆಯಿರಲಿಲ್ಲ.

ಕಂಪನಿಯ ಮಾಲೀಕ ಒಂದು ಹೊಸ ನಾಟಕ ಬರೆಸಿದ. ಪ್ರಳಯವಾಗಿ ಲೋಕ ಹೋಗಿದೆ. ಉಳಿದವರು ಏಳು ಜನ. ಅವನು ಕಲಾವಿದನನ್ನು ಕರೆದು ಹೇಳಿದ:

"ಪರದೆ ಎದ್ದ ಕೂಡಲೇ, ಒಂದು ಮಾತು ಆಡುವ ಮೊದಲೇ, ಲೋಕ ಹೋಯಿತು ಅಂತ ಕೊನೆಯ ಸಾಲಿನವನಿಗೂ ತಿಳಿಯಬೇಕು. ಡೇರೆಯಲ್ಲಿ ಉಸಿರಿನ ಸದ್ದು ಕೂಡ ಇರಬಾರದು."

ಕಲಾವಿದ ಒಪ್ಪಿದ. ಕಣ್ಣಾರೆ ಕಾಣದ್ದನ್ನು ಬರೆಯಬಾರದು ಎಂಬುದು ಅವನ ನೇಮ. ಅವನು ಹಾಳುಬಿದ್ದ ಹಳೆಯ ರಾಜಧಾನಿಯೊಂದಕ್ಕೆ ಹೋದ. ಹತ್ತು ದಿನ ಅಲ್ಲಿದ್ದು ಮುರಿದ ಕಂಬ, ಬಿದ್ದ ಗೋಪುರ, ತಲೆಯಿಲ್ಲದ ಆನೆಗಳನ್ನು ಬರೆದುಕೊಂಡ. ಬಂದು ಪರದೆ ಮಾಡಿದ. ಬಹಳ ಚೆನ್ನಾಗಿತ್ತು.

ಸಂಜೆ ತಾಲೀಮು ನೋಡಲು ಊರ ಜನ ಬಂದು ಕೂರುವುದು ವಾಡಿಕೆ. ಮಾಲೀಕ ಅವರ ಮುಂದೆ ಪರದೆ ಎತ್ತಿಸಿದ.

"ಅಯ್ಯ, ನಮ್ಮ ಸಾಲಿ ಟ್ರಿಪ್ಪು!" ಎಂದು ಒಬ್ಬಳು ಕೂಗಿದಳು. "ಆ ಕಂಬದ ಹಿಂದನ ನಾವು ಚಿತ್ರಾನ್ನ ತಿಂದಿದ್ದು."

ಇಡೀ ಡೇರೆ ತನ್ನ ತನ್ನ ಟ್ರಿಪ್ಪನ್ನು ನೆನೆಯತೊಡಗಿತು. ಯಾರ ಚಪ್ಪಲಿ ಕಳೆಯಿತು, ಯಾವ ಮೇಷ್ಟ್ರು ಬಸ್ಸಿನಲ್ಲಿ ವಾಂತಿ ಮಾಡಿದರು ಎಂದು ಅರ್ಧ ಗಂಟೆ ಮಾತು ನಡೆಯಿತು.

ಕಲಾವಿದ ಆ ಪರದೆ ಮಡಿಸಿದ. ತಪ್ಪು ತನ್ನದೇ, ಬಹಳ ಹಳೆಯ ನಾಶವನ್ನು ಬರೆದೆ, ಹೊಸದನ್ನು ಬರೆಯಬೇಕಿತ್ತು ಎಂದುಕೊಂಡ. ಮತ್ತೆ ಹೊರಟ. ಒಡೆದ ರಸ್ತೆ, ವಾಲಿದ ವಿದ್ಯುತ್ ಕಂಬ, ಚಕ್ರವಿಲ್ಲದ ಲಾರಿ, ಕಸದ ಗುಡ್ಡ, ಅದರ ಮೇಲೆ ನಾಯಿ, ಇಷ್ಟನ್ನೂ ಕಂಡು ಬರೆದು ತಂದ. ಪರದೆ ಎದ್ದಿತು.

"ನಮ್ಮ ಬಸ್ ಸ್ಟ್ಯಾಂಡು!" ಎಂದು ಒಬ್ಬ ಎದ್ದು ನಿಂತ. "ಹುಬೇಹೂಬ್ ಬರದಾನ್ರೀ. ಆ ನಾಯಿನೂ ಅದ!"

ಜನ ಐದು ನಿಮಿಷ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷದಲ್ಲಿ ಕಲಾವಿದನಿಗೆ ಅಂಥ ಚಪ್ಪಾಳೆ ಸಿಕ್ಕಿರಲಿಲ್ಲ. ಅವನಿಗೆ ಅಳು ಬಂತು.

ಮಾಲೀಕ ಅವನನ್ನು ಪಕ್ಕಕ್ಕೆ ಕರೆದ. "ಶನಿವಾರ ಮೊದಲ ಆಟ. ಶುಕ್ರವಾರ ಸಂಜೆಯೊಳಗೆ ಆಗದಿದ್ದರೆ ಫ್ಲೆಕ್ಸ್ ಅಂಗಡಿಯವನು ಒಂದು ಗಂಟೆಯಲ್ಲಿ ಪ್ರಳಯ ಪ್ರಿಂಟು ಹಾಕಿಕೊಡುತ್ತಾನೆ. ನೀನು ಕುಂಚ ಕಟ್ಟಿಕೊಂಡು ನಿನ್ನ ದಾರಿ ನೋಡಿಕೋ. ಬೇಜಾರಾಗಬೇಡ."

ಬೇಜಾರಾಗಬೇಡ ಎಂದು ಹೇಳಿ ಮಾಡುವ ಕೆಲಸಗಳು ಎಲ್ಲ ಊರುಗಳಲ್ಲೂ ಒಂದೇ ತರಹ ಇರುತ್ತವೆ. ಕಲಾವಿದ ಆ ದಿನ ಊಟ ಮಾಡಲಿಲ್ಲ.

ಆ ಸೀಮೆಯಲ್ಲಿ ಒಂದು ಅಣೆಕಟ್ಟು ಇತ್ತು. ಅದನ್ನು ಕಟ್ಟಿದಾಗ ಅದರ ಹಿಂಬದಿಯ ಹಳ್ಳಿಗಳು ಮುಳುಗಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ಹಳ್ಳಿ ಮೇಲೆ ಕಾಣುತ್ತದೆ ಎಂದು ಕಲಾವಿದನಿಗೆ ಯಾರೋ ಹೇಳಿದರು. ಇದೇ ಸರಿ, ನೀರು ನುಂಗಿದ ಲೋಕ ಎಂದುಕೊಂಡು ಅವನು ಗುರುವಾರ ಬೆಳಿಗ್ಗೆ ಮೊದಲ ಟೆಂಪೋ ಹತ್ತಿ ಅಲ್ಲಿಗೆ ಹೋದ.

ಅಲ್ಲಿ ಕಾಣಲು ಏನೂ ಇರಲಿಲ್ಲ. ಬಿರುಕುಬಿಟ್ಟ ಕೆಸರು. ಅದರ ಮೇಲೆ ಗೆರೆ ಎಳೆದ ಹಾಗೆ ಮನೆಗಳ ತಳಪಾಯ. ಯಾವ ಗೋಡೆಯೂ ಮೊಣಕಾಲಿಗಿಂತ ಎತ್ತರವಿಲ್ಲ. ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಜನ ಹೊಸ ಊರಿಗೆ ಹೋಗುವಾಗ ಕಿತ್ತುಕೊಂಡು ಹೋಗಿದ್ದರು. ಕಲಾವಿದ ಒಂದು ಗೆರೆಯನ್ನು ದಾಟಿ ಕಲ್ಲಿನ ಮೇಲೆ ಕೂತು ಹಾಳೆ ಬಿಡಿಸಿದ.

"ಏ ತಮ್ಮಾ! ಗ್ವಾಡಿ ಮ್ಯಾಲ ಹಾದು ಬಂದೀಯಲ್ಲೋ! ಬಾಗಲಾ ಕಾಣಂಗಿಲ್ಲೇನ್ ನಿನಗ?"

ಅವನು ತಿರುಗಿ ನೋಡಿದ. ಒಬ್ಬ ಮುದುಕಿ ಬುತ್ತಿ ಗಂಟು ಬಿಚ್ಚುತ್ತ ಕೂತಿದ್ದಳು.

"ಯಾವ ಬಾಗಲಾ ಎವ್ವಾ?"

"ಅಲ್ಲೆ ನೋಡು, ಆ ಎರಡು ಕಲ್ಲಿನ ನಡುವ. ಮೊದಲ ಹೊರಗ ಹೋಗು. ಚಪ್ಲಿ ಬಿಟ್ಟು ಮನಷ್ಯಾರಂಗ ಬಾ."

ಅವಳ ದನಿ ಹೇಗಿತ್ತೆಂದರೆ ಕಲಾವಿದ ಎದ್ದು ಹೊರಗೆ ಹೋದ. ಚಪ್ಪಲಿ ಬಿಟ್ಟ. ಎರಡು ಕಲ್ಲುಗಳ ನಡುವೆ ಕಾಲಿಟ್ಟ.

"ತಲಿ! ತಲಿ ಬಗ್ಗಸೋ! ನಮ್ಮ ಅಳಿಯಗ ಮದಿವ್ಯಾದ ಮರುದಿನಾನ ಅಲ್ಲೆ ಬುಗುಟಿ ಎದ್ದಿತ್ತು."

ಅವನು ತಲೆ ಬಗ್ಗಿಸಿ ಒಳಗೆ ಬಂದ. ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಆದರೂ ಒಳಗೆ ಬಂದ ಮೇಲೆ ಸ್ವಲ್ಪ ತಂಪೆನಿಸಿತು.

"ಹಾಂ, ಈಗ ಬಂದಿ ನೋಡು. ಕೂಡು, ರೊಟ್ಟಿ ತಿನ್ನು" ಎಂದಳು ಮುದುಕಿ.

ಆಗ ಅವನು ಸುತ್ತ ನೋಡಿದ. ಅವಳೊಬ್ಬಳೇ ಇರಲಿಲ್ಲ. ನೀರು ಇಳಿದ ಮೇಲೆ ಒಂದು ದಿನ ಹಳೆಯ ಊರಿಗೆ ಬಂದು ಉಂಡು ಹೋಗುವುದು ಆ ಊರವರ ಪದ್ಧತಿ. ಏಳೆಂಟು ಮನೆಯವರು ತಂತಮ್ಮ ಗೆರೆಗಳ ಒಳಗೆ ಕೂತಿದ್ದರು. ಒಬ್ಬರ ಮನೆಗೆ ಒಬ್ಬರು ಹೋಗುವಾಗ ಗೆರೆ ದಾಟುತ್ತಿರಲಿಲ್ಲ. ಓಣಿ ಬಳಸಿ, ಬಾಗಿಲ ಮುಂದೆ ನಿಂತು ಕೂಗಿ, ಬಗ್ಗಿ ಒಳಗೆ ಹೋಗುತ್ತಿದ್ದರು. ಅಳಿಯಂದಿರು ಉಳಿದವರಿಗಿಂತ ಹೆಚ್ಚು ಬಗ್ಗುತ್ತಿದ್ದರು.

ಪಕ್ಕದ ಮನೆಯ ಮುದುಕ ಎದ್ದ. ನಡುವೆ ಇದ್ದ ಗೋಡೆ ಅವನ ಮೊಣಕಾಲಿಗೂ ಬರುತ್ತಿರಲಿಲ್ಲ. ಅವನು ತುದಿಗಾಲ ಮೇಲೆ ನಿಂತು, ಕತ್ತು ಉದ್ದ ಮಾಡಿ, ಆಚೆಯಿಂದ ಇಣುಕಿದ.

"ಏನ್ ಪಲ್ಯೆ ಮಾಡೀಯಬೇ ಇವತ್ತ?"

"ಗ್ವಾಡಿ ಮ್ಯಾಲಿಂದ ಇಣಕಬ್ಯಾಡಂತ ನಲವತ್ತು ವರ್ಷ ಹೇಳೀನಿ. ಊರು ಮುಳಗಿದ್ರೂ ನಿನ್ನ ಚಾಳಿ ಮುಳಗಲಿಲ್ಲ!"

ಏಳೆಂಟು ಮನೆಗಳೂ ಒಟ್ಟಿಗೆ ನಕ್ಕವು. ಮುದುಕನೂ ನಕ್ಕ. ಆದರೆ ಹಿಮ್ಮಡಿ ಇಳಿಸಲಿಲ್ಲ. ಪಲ್ಯ ಯಾವುದೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಕಲಾವಿದ ಮುದುಕಿಯನ್ನು ಕೇಳಿದ: "ಇಲ್ಲಿಗೆ ಬಂದ್ರ ಅಳು ಬರಂಗಿಲ್ಲೇನ್ ಎವ್ವಾ?"

"ಮೊದಲ ಎರಡು ವರ್ಷ ಬರೇ ಅತ್ವಿ. ಮಾಡಿಕೊಂಡು ಬಂದ ರೊಟ್ಟಿ ಎಲ್ಲಾ ಉಳದುವು. ಮೂರನೇ ವರ್ಷ ಹಸಿವ್ಯಾತು."

ಅವನು ಸಂಜೆಯ ತನಕ ಅಲ್ಲಿದ್ದ. ನಾಲ್ಕು ಮನೆಗಳಲ್ಲಿ ಉಂಡ. ಒಂದು ಗೆರೆಯನ್ನೂ ಬರೆಯಲಿಲ್ಲ.

ಶುಕ್ರವಾರ ಸಂಜೆ ತಾಲೀಮಿನ ಹೊತ್ತಿಗೆ ಅವನು ಕಂಪನಿಗೆ ಬಂದ. ಕೈ ಖಾಲಿ.

"ಪರದೆ ಎಲ್ಲಿ?" ಎಂದ ಮಾಲೀಕ.

"ಇಲ್ಲ. ರಂಗ ಖಾಲಿ ಬಿಡಿ. ಹಿರಿಯ ನಟಿಯನ್ನೂ ಹಾಸ್ಯಪಾತ್ರದವನನ್ನೂ ಐದು ನಿಮಿಷ ನನಗೆ ಕೊಡಿ."

ಮಾಲೀಕ ಫ್ಲೆಕ್ಸ್ ಅಂಗಡಿಗೆ ಫೋನು ಹಚ್ಚುತ್ತಲೇ ಹೂಂ ಎಂದ. ಕಲಾವಿದ ಇಬ್ಬರನ್ನೂ ರಂಗದ ಮೇಲೆ ನಡೆಸಿ, ಗೋಡೆ ಎಲ್ಲಿಂದ ಎಲ್ಲಿಗೆ, ಬಾಗಿಲು ಎಲ್ಲಿ, ಎಷ್ಟು ಬಗ್ಗಬೇಕು ಎಂದು ತೋರಿಸಿದ. ಉಳಿದದ್ದನ್ನು ಅವರಿಗೇ ಬಿಟ್ಟ.

ಮುಂದಿನ ಪರದೆ ಎದ್ದಿತು. ಬರಿಯ ಹಲಗೆ. ಜನ ಹಿಂದೆ ಮುಂದೆ ನೋಡಿದರು. ನಟಿ ಒಂದು ಗಂಟು ಹಿಡಿದು ಬಂದಳು. ಒಂದು ಕಡೆ ನಿಂತಳು. ಚಪ್ಪಲಿ ಬಿಟ್ಟಳು. ಬಗ್ಗಿದಳು. ಒಳಗೆ ಹೋಗಿ ಕೂತಳು. ಅವಳ ಹಿಂದೆ ಹಾಸ್ಯಪಾತ್ರದವನು ಎಲ್ಲೋ ನೋಡುತ್ತ ನೇರವಾಗಿ ನಡೆದುಬಂದ.

"ಏ! ಗ್ವಾಡಿ!" ಎಂದಳು ನಟಿ.

ಅವನು ಹಣೆ ಉಜ್ಜಿಕೊಂಡ. ಡೇರೆಯೆಲ್ಲ ನಗೆ. ಅವನು ಹಿಂದೆ ಹೋಗಿ, ಸುತ್ತಿ ಬಂದು, ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದ. ಇನ್ನೂ ನಗೆ.

"ಬಾಗಲಾ ಹಾಕ್ಕೊಂಡು ಬಾ. ಧೂಳು ಬರ್ತದ" ಎಂದಳು ನಟಿ, ಗಂಟು ಬಿಚ್ಚುತ್ತ.

ಅವನು ತಿರುಗಿದ. ಎರಡೂ ಕೈಗಳಿಂದ ಬಾಗಿಲನ್ನು ಎಳೆದು ಮುಚ್ಚಿದ. ಚಿಲಕ ಹಾಕಿದ. ಅದು ಸರಿಯಾಗಿ ಬಿತ್ತೇ ಎಂದು ಒಮ್ಮೆ ಅಲುಗಾಡಿಸಿ ನೋಡಿದ. ಅವನ ಮುಂದೆ ರಂಗದ ಆ ಕೊನೆಯವರೆಗೂ ಏನೂ ಇರಲಿಲ್ಲ.

ನಗೆ ನಿಂತಿತು. ಯಾರೂ ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಕೊನೆಯ ಸಾಲಿನಲ್ಲಿ ಒಬ್ಬ ಎದ್ದವನು ಮತ್ತೆ ಮೆಲ್ಲಗೆ ಕೂತ.

ಮಾಲೀಕ ಫೋನು ಕಿಸೆಗೆ ಹಾಕಿ ಬಿರುಸಾಗಿ ರಂಗವನ್ನು ಹತ್ತಿದ. ಅವನಿಗೆ ಏನೋ ಹೇಳುವುದಿತ್ತು. ನಾಲ್ಕು ಹೆಜ್ಜೆ ನಡೆದು ಥಟ್ಟನೆ ನಿಂತ. ಚಪ್ಪಲಿ ಬಿಟ್ಟ.

"ಚಿಲಕ ಹಾಕೇದ, ಯಜಮಾನ್ರ" ಎಂದಳು ನಟಿ ಒಳಗಿನಿಂದ. "ಬಡೀರಿ."

ಮಾಲೀಕ ಕೈ ಎತ್ತಿ ಬಾಗಿಲು ಬಡಿದ.

ಆ ರಾತ್ರಿ ಕಂಪನಿಯಲ್ಲಿ ಹೋಳಿಗೆ ಮಾಡಿದರು. ಊಟಕ್ಕೆ ಕೂತಾಗ ಮಾಲೀಕ ಕಲಾವಿದನನ್ನು ಕೇಳಿದ: "ಪರದೆಯೇ ಬೇಡ ಎಂದ ಮೇಲೆ ನಿನಗೆ ಇಲ್ಲಿ ಏನು ಕೆಲಸ?"

ಕಲಾವಿದ ಕೈಯ ತುತ್ತನ್ನು ಎಲೆಯ ಮೇಲೆ ಇಟ್ಟ. ಆಮೇಲೆ ಅವನು ಹೇಳಿದ: "ಒಂದೊಂದು ಊರಲ್ಲಿ ಒಂದೊಂದು ಅಳತೆಯ ರಂಗ. ಗೋಡೆ ಎಲ್ಲಿದೆ ಎಂದು ಹೇಳುವವನೊಬ್ಬ ಬೇಡವೇ?"

ಮಾಲೀಕ ಬಹಳ ಹೊತ್ತು ನಕ್ಕ. ನಕ್ಕು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.

ಅಂದಿನಿಂದ ಪ್ರತಿ ಊರಿಗೂ ಕಲಾವಿದ ಎಲ್ಲರಿಗಿಂತ ಒಂದು ದಿನ ಮೊದಲೇ ಹೋಗುತ್ತಿದ್ದ. ಖಾಲಿ ಹಲಗೆಯ ಮೇಲೆ ಅಡ್ಡಾಡಿ ಮನೆ ಕಟ್ಟುತ್ತಿದ್ದ. ಡೇರೆಯ ಗಳ ಹೊತ್ತು ಗೋಡೆಯ ಮೇಲೆ ಹಾದುಹೋದ ಕೆಲಸಗಾರರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಇಂದುಮತಿ ಕತೆ ಮುಗಿಸಿದರು. ಶಾಂಭವಿ ನಗುತ್ತಿದ್ದಳು. ನಗುತ್ತಲೇ ಪೆನ್ನು ತೆಗೆದಳು.

"ಹಾಗಾದರೆ ನಾನೂ ಒಬ್ಬರನ್ನು ಇಲ್ಲದ ಬಾಗಿಲಲ್ಲಿ ಬಗ್ಗಿಸಬಹುದು ಅಲ್ವಾ ಮೇಡಂ?"

"ಆ ಬಾಗಿಲು ಆ ಮುದುಕಿಯದು. ಅದಕ್ಕೆ ಕೈಹಾಕಿದರೆ ಬೈಸಿಕೊಳ್ತೀಯ."

"ಸರಿ. ಹಾಗಾದರೆ ಮೊದಲು ಇದೊಂದು ತೀರ್ಮಾನ ಮಾಡಿಬಿಡಲಾ? ಲೋಕ ಹಾಳಾದದ್ದು ಯುದ್ಧದಿಂದಲಾ, ರೋಗದಿಂದಲಾ ಅಂತ. ಎರಡು ತಿಂಗಳಿಂದ ಅದರಲ್ಲೇ ಇದ್ದೀನಿ."

ಇಂದುಮತಿ ಒಂದೇ ಮಾತು ಕೇಳಿದರು. ಅದನ್ನು ಕೇಳಿ ಶಾಂಭವಿ ನೋಟ್‌ಬುಕ್ಕಿನಲ್ಲಿ ಯುದ್ಧ, ರೋಗ ಎರಡನ್ನೂ ಹೊಡೆದುಹಾಕಿದಳು.

"ಅದಿರಲಿ, ನಿನ್ನ ಆ ಲೋಕದಲ್ಲಿ ಉಳಿದವರು ಒಬ್ಬರನ್ನೊಬ್ಬರು ಏನಂತ ಗೇಲಿ ಮಾಡ್ತಾರೆ?"