ಕುಂಬಾರ ಕೊಂಡ ಉಗ್ರಾಣದ ಪಾಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಬ್ಯಾಂಕಿನಲ್ಲಿ ಬಡ್ಡಿ ಇಳಿಯುತ್ತಿದೆ. ಅಮ್ಮನ ಠೇವಣಿ ಈ ತಿಂಗಳು ಮುಗಿಯುತ್ತದೆ. ಅದನ್ನು ತೆಗೆದು ರಿಯಲ್ ಎಸ್ಟೇಟ್ ಟ್ರಸ್ಟಿನಲ್ಲಿ ಹಾಕಬೇಕೆಂದಿದ್ದೇನೆ. ದೊಡ್ಡ ಕಟ್ಟಡಗಳಲ್ಲಿ ಒಂದು ಪಾಲು. ಬಾಡಿಗೆ ಬರುತ್ತದೆ. ಬಡ್ಡಿ ಇಳಿದರೆ ಪಾಲಿನ ಬೆಲೆಯೂ ಏರುತ್ತದಂತೆ. ಹಾಕಲೇ?"

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ವಯಸ್ಸಾಗಿ ಕೈ ನಡುಗತೊಡಗಿತು. ತಿಗರಿಯನ್ನೂ ಮಡಕೆ ಸುಡುವ ಆವಿಗೆಯ ಜಾಗವನ್ನೂ ಮಾರಿದ. ಅವನ ಹೆಂಡತಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ವೈದ್ಯ ನೋಡಿ, "ಪೊರೆ ಬಲಿಯಲಿ. ಎರಡು ವರ್ಷ ಬಿಟ್ಟು ಕರೆದುಕೊಂಡು ಬಾ. ಆಮೇಲೆ ತಡಮಾಡಿದರೆ ಕಣ್ಣು ಹೋಗುತ್ತದೆ" ಎಂದಿದ್ದ. ಜಾಗ ಮಾರಿದ ಹಣ ಎರಡು ಕಣ್ಣಿಗೆ ಸರಿಹೋಗುವಷ್ಟಿತ್ತು.

ಆಗ ಅರಸನ ಖಜಾನೆ ನೂರಕ್ಕೆ ಮೂರು ಬಡ್ಡಿ ಕೊಡುತ್ತಿತ್ತು. ಪೇಟೆಯ ಕಲ್ಲಿನ ಉಗ್ರಾಣದಲ್ಲಿ ಪಾಲು ಕೊಂಡರೆ ನೂರಕ್ಕೆ ಐದು ಬಾಡಿಗೆ ಸಿಗುತ್ತಿತ್ತು. ಊರೆಲ್ಲ ಪಾಲಿಗೆ ಓಡಿತು. ಬೆಲೆ ಏರಿತು. ಕುಂಬಾರನೂ ಹೋದ. ಮಡಕೆ ಪರೀಕ್ಷಿಸುವಂತೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿದ. ಗಟ್ಟಿಯಿತ್ತು. ಇದ್ದ ಹಣವನ್ನೆಲ್ಲ ಹಾಕಿದ.

ಒಂದು ವರ್ಷ ಬಾಡಿಗೆ ಬಂತು. ಗಂಡಹೆಂಡಿರು ಅದರಲ್ಲಿ ಉಂಡರು. ಎರಡನೆಯ ವರ್ಷ ಗಡಿಯಲ್ಲಿ ಯುದ್ಧ. ಅರಸನಿಗೆ ಹಣ ಬೇಕಾಯಿತು. ಖಜಾನೆ ಇನ್ನು ನೂರಕ್ಕೆ ಒಂಬತ್ತು ಕೊಡುವುದೆಂದು ಡಂಗುರ ಹೊಡೆಸಿದ. ಪಾಲಿದ್ದವರು ಮಾರಿ ಖಜಾನೆಗೆ ಓಡಿದರು. ಕೊಳ್ಳುವವರಿಲ್ಲ. ಬೆಲೆ ಅರ್ಧಕ್ಕೆ ಬಿತ್ತು.

ವೈದ್ಯ ಹೇಳಿದ್ದ ಎರಡು ವರ್ಷ ತುಂಬಿತು. ಕುಂಬಾರ ಉಗ್ರಾಣಕ್ಕೆ ಹೋಗಿ ಮತ್ತೆ ಗೋಡೆ ತಟ್ಟಿದ. ಗುಮಾಸ್ತ ನಕ್ಕ.

"ಏನಜ್ಜಾ, ಗೋಡೆಗೆ ಜ್ವರ ಬಂದಿದೆಯೇ? ಗೋಡೆಗೇನೂ ಆಗಿಲ್ಲ. ಒಳಗೆ ಮೂಟೆ ತುಂಬಿವೆ. ಬಾಡಿಗೆ ತಪ್ಪುವುದಿಲ್ಲ. ಯುದ್ಧ ಮುಗಿದರೆ ಬಡ್ಡಿ ಇಳಿಯುತ್ತದೆ, ನಿನ್ನ ಬೆಲೆ ನಿನಗೆ ಬರುತ್ತದೆ. ಆವಿಗೆ ಆರುವ ತನಕ ಕಾದವನಿಗೆ ಇದನ್ನು ನಾನು ಹೇಳಬೇಕೇ?"

"ಆವಿಗೆಯಾದರೆ ಕಾಯುತ್ತಿದ್ದೆ ಸ್ವಾಮಿ. ಕಣ್ಣು ಕಾಯುವುದಿಲ್ಲ."

ಎಲ್ಲ ಪಾಲನ್ನೂ ಮಾರಿದ. ಹೆಂಡತಿಯನ್ನು ಕರೆದುಕೊಂಡು ವೈದ್ಯನ ಬಳಿಗೆ ಹೋದ. ವೈದ್ಯ ಹಣ ನೋಡಿದ.

"ಇದು ಒಂದು ಕಣ್ಣಿಗಾಯಿತು. ಯಾವುದು?"

ಹೆಂಡತಿಯೇ ಹೇಳಿದಳು: "ಯಾವುದಾದರೇನು? ಇವರ ಮುಖ ನೋಡುವುದಕ್ಕೆ ಒಂದೇ ಹೆಚ್ಚು."

ವೈದ್ಯ ಬಲಗಣ್ಣಿನ ಪೊರೆ ತೆಗೆದ. ಎಡಗಣ್ಣು ಆ ಬೇಸಿಗೆಯಲ್ಲಿ ಹೋಯಿತು.

ಮರುವರ್ಷ ಯುದ್ಧ ಮುಗಿಯಿತು. ಬಡ್ಡಿ ಇಳಿಯಿತು. ಪಾಲಿನ ಬೆಲೆ ಕುಂಬಾರ ಕೊಂಡಾಗ ಇದ್ದುದಕ್ಕಿಂತ ಮೇಲಕ್ಕೆ ಹೋಯಿತು. ಅವನು ಆಗ ಅದೇ ಉಗ್ರಾಣದ ಬಾಗಿಲಲ್ಲಿ, ಎರಡು ಹೊತ್ತಿನ ಕೂಳಿಗೆ, ಬೇರೆಯವರ ಮೂಟೆ ಕಾಯುತ್ತಿದ್ದ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ ಬಡ್ಡಿ ಏರುವುದನ್ನು ಮೊದಲೇ ತಿಳಿಯುವುದು ಹೇಗೆ, ಗುರುಗಳೇ?"

"ಅದು ಅರಸನಿಗೇ ತಿಳಿದಿರಲಿಲ್ಲ. ಠೇವಣಿಯ ಹಣ ಯಾವಾಗ ಬೇಕೆಂದು ನಿನ್ನ ಅಮ್ಮನನ್ನು ಕೇಳಿದ್ದೀಯಾ?"